ಪ್ರಾರ್ಥನೆಯಲ್ಲಿ ಸೇರಿಕೊಂಡ ಹಕಾರ

ಮದ್ದೂರಿನ ಪಕ್ಕದ ಶಿವಪುರದಲ್ಲಿ ಕಾಂಗ್ರೆಸ್ಸಿನವರು ಸರ್ಕಾರದ ನಿಷೇಧ ಮುರಿದು ಬಾವುಟ ಏರಿಸಿದ ವರ್ಷ ಅದು, ೧೯೩೮. ನಮ್ಮ ಕಡೆ ನನ್ನ ವಯಸ್ಸಿನವರು ಯಾರನ್ನೇ ಕೇಳಿ, ‘ನಾನೂ ಅಲ್ಲಿದ್ದೆ’ ಎನ್ನುತ್ತಾರೆ. ಹೇಳಿಕೊಳ್ಳುವವರೆಲ್ಲ ನಿಜವಾಗಿ ಅಲ್ಲಿದ್ದಿದ್ದರೆ ಮದ್ದೂರಿನ ಹೊಳೆದಂಡೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ನಾನಂತೂ ಇರಲಿಲ್ಲ. ನಾನು ಆಗ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸರ್ಕಾರಿ ಸ್ಕೂಲಿನ ಎರಡನೇ ಮೇಷ್ಟ್ರು. ಬೆಳಕವಾಡಿಯಲ್ಲಿ ಬಸ್ಸಿಳಿದು ಒಳಕ್ಕೆ ನಡೆದುಹೋಗಬೇಕಾದ ಊರು. ಹೆಸರು ಬೇಡ, ಆ ಜನರ ಮಕ್ಕಳು ಮೊಮ್ಮಕ್ಕಳು ಈಗಲೂ ಅಲ್ಲೇ ಇದ್ದಾರೆ. ಲೋಕವೆಲ್ಲ ಬಾವುಟಕ್ಕಾಗಿ ಬಡಿದಾಡುತ್ತಿದ್ದಾಗ ನಾವು ಬೆಳಗಿನ ಪ್ರಾರ್ಥನೆಗಾಗಿ ಬಡಿದಾಡುತ್ತಿದ್ದೆವು. ಬಾವುಟದವರಿಗೆ ಒಂದು ಹೆಸರಾದರೂ ಬಂತು.

ನನ್ನ ವಿಷಯ ಒಂದಿಷ್ಟು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನ್ನೂರು ಗುತ್ತಲು. ಈಗ ಮಂಡ್ಯದೊಳಗೇ ಸೇರಿಹೋಗಿದೆ, ಆಗ ಬೇರೆ ಊರು. ನಮ್ಮದು ಬೇಸಾಯದ ಮನೆ. ಮನೆತನದಲ್ಲಿ ಓದಿ ಸರ್ಕಾರಿ ಕೆಲಸ ಹಿಡಿದವನು ನಾನೇ ಮೊದಲು. ಮೈಸೂರಿನ ಟ್ರೈನಿಂಗ್ ಸ್ಕೂಲಿನಲ್ಲಿ ಮೊದಲ ದಿನ ಎದ್ದುನಿಂತು, “ನನ್ನ ಎಸರು ಲಿಂಗಯ್ಯ ಸಾರ್” ಎಂದೆ. ಕ್ಲಾಸೆಲ್ಲ ಗೊಳ್ಳೆಂದಿತು. “ಎಸರು ಇಟ್ಟಾಯಿತು, ಅಕ್ಕಿ ಯಾವಾಗ ಹಾಕ್ತೀರಿ?” ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಅಲ್ಲಿರುವ ತನಕ ನಾನು ‘ಎಸರು ಲಿಂಗಯ್ಯ’ನೇ. ನಮ್ಮ ಕಡೆ ಹಕಾರ ನಾಲಿಗೆಗೆ ಹತ್ತುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಎಂದು ಈಗ ಹೇಳುತ್ತೇನೆ. ಆಗ ರೂಮಿನಲ್ಲಿ ಬಾಗಿಲು ಹಾಕಿಕೊಂಡು, ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ‘ಹ, ಹ, ಹಾ’ ಎಂದು ಉಸಿರು ಕೈಗೆ ತಗಲುವವರೆಗೆ ಅಭ್ಯಾಸ ಮಾಡಿದೆ. ಕಷ್ಟಪಟ್ಟು ಸಂಪಾದಿಸಿದ ಹಕಾರ ಅದು. ಮೇಷ್ಟ್ರಾದ ಮೇಲೆ ಅದನ್ನು ನನ್ನ ಮಕ್ಕಳಿಗೆಲ್ಲ ಹಂಚಬೇಕೆಂದು ಪಣ ತೊಟ್ಟೆ.

ನಮ್ಮ ಸ್ಕೂಲೆಂದರೆ ಒಂದು ಉದ್ದನೆಯ ಹಜಾರ, ಮುಂದೆ ಜಗಲಿ, ಅಂಗಳದಲ್ಲಿ ಒಂದು ಹೊಂಗೆ ಮರ. ಹೆಡ್ ಮೇಷ್ಟ್ರು ಅನಂತಯ್ಯನವರು. ವೈದಿಕ ಮನೆತನದವರು, ಸಾಧು ಮನುಷ್ಯ, ಪೆನ್ಷನ್ನಿಗೆ ಹತ್ತಿರವಾಗಿದ್ದರು. ನಾನು ಹೋದಾಗ ಪ್ರಾರ್ಥನೆ ಎಂದರೆ ಅವರು ಹೇಳಿಕೊಡುತ್ತಿದ್ದ ಗಣಪತಿಯ ಒಂದು ಶ್ಲೋಕ, ಸರಸ್ವತಿಯ ಒಂದು ಶ್ಲೋಕ. ಕೈಮುಗಿದು ಮುಗಿಸುವಷ್ಟರಲ್ಲಿ ಆಗಿಹೋಗುತ್ತಿತ್ತು. ಆಮೇಲೆ ಅಂಗಡಿ ಬೀದಿಯ ಶಿವಭಕ್ತರು ಬಂದು, ನಮ್ಮ ಮಕ್ಕಳೂ ಓದುವ ಸ್ಕೂಲು ಇದು, ಒಂದು ವಚನವೂ ಇರಲಿ ಎಂದರು. ಸರಿ ಎಂದೆವು. ಅದಾದ ಮೇಲೆ ಪಟೇಲ ದೊಡ್ಡೇಗೌಡರು ಜಗಲಿಗೆ ಬಂದು ಕೂತರು.

“ಏನ್ ಮೇಷ್ಟ್ರೇ, ಇರೋ ಬರೋ ದೇವ್ರಿಗೆಲ್ಲ ಕೈ ಮುಗುಸ್ತೀರಿ. ಅನ್ನ ಆಕೋ ದೊರೆಗೆ ಒಂದ್ಸಲ ಮುಗ್ಸಕ್ಕೆ ನಿಮ್ಗೆ ಪುರ್ಸೊತ್ತಿಲ್ವಾ? ಅಮಲ್ದಾರ್ರು ಕೇಳುದ್ರೆ ನಾನೇನ್ ಏಳ್ಲಿ?”

ಅರಮನೆಯ ಸಂಸ್ಕೃತ ಸ್ತುತಿ ಸೇರಿತು. ಅದರ ಒಂದು ಪದವೂ ಮಕ್ಕಳ ಬಾಯಿಗೆ ಹೊರಳುತ್ತಿರಲಿಲ್ಲ. ಬೇಸಿಗೆಯಲ್ಲಿ ಶಿವಪುರದ ಬಾವುಟ ಏರಿತಲ್ಲ, ರಜ ಮುಗಿದು ಸ್ಕೂಲು ತೆಗೆಯುವ ಹೊತ್ತಿಗೆ ಪಟೇಲರ ದಾಯಾದಿ ಬೋರಣ್ಣ ಖಾದಿ ಹಾಕಿಕೊಂಡು ಬಂದುಬಿಟ್ಟ.

“ದೊರೆ ಒಗಳೋ ಬಾಯಲ್ಲಿ ದೇಸದ್ ಆಡೂ ಬರ್ಬೇಕು ಮೇಷ್ಟ್ರೇ. ಇಲ್ಲಾ ಅಂದ್ರೆ ನಮ್ ಕಡೆ ಮಕ್ಳನ್ನೆಲ್ಲ ಬುಡುಸ್ಕಂಡು ಓಯ್ತೀವಿ, ಅಷ್ಟೇಯ.”

ಅದೂ ಸೇರಿತು. ಸೇರಿಸುವುದು ಸುಲಭ, ತೆಗೆಯಲು ಹೋದರೆ ಊರು ಎರಡಾಗುತ್ತಿತ್ತು. ಪ್ರಾರ್ಥನೆ ಮೊದಲ ಪಾಠದ ಹೊತ್ತನ್ನು ಪೂರಾ ನುಂಗಿತು. ಮೊದಲ ಪಾಠ ನನ್ನ ಲೆಕ್ಕದ್ದು. ರಾತ್ರಿಯ ಮುದ್ದೆ ಕರಗಿಹೋಗಿ ಬರಿಹೊಟ್ಟೆಯಲ್ಲಿ ಬಂದ ಮಕ್ಕಳು ಬಿಸಿಲಲ್ಲಿ ನಿಂತು ತೂರಾಡುತ್ತಿದ್ದರು. ಒಂದು ದಿನ ಒಂದು ಮಗು ಧೊಪ್ಪನೆ ಬಿತ್ತು. ನೀರು ಚಿಮುಕಿಸಿ ಎಬ್ಬಿಸುತ್ತಿದ್ದರೆ ಬೋರಣ್ಣ ಬೇಲಿಯಾಚೆಯಿಂದ, “ಯಾವ್ ಪದ್ಯಕ್ಕೆ ಬಿತ್ತು? ದೊರೇದಕ್ಕಾ?” ಎಂದು ಕೇಳಿದ. ಇಂಥ ಜನರ ನಡುವೆ ಏಗಬೇಕಾಗಿತ್ತು.

“ಲಿಂಗಯ್ಯ, ನೀನೇ ಏನಾದರೂ ಮಾಡಯ್ಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗೆ ಒಂದು ಬರೆ” ಎಂದರು ಅನಂತಯ್ಯನವರು.

ನಾನು ಕವಿಯಲ್ಲ. ಆದರೂ ಕೂತು ನಾಲ್ಕು ಸಾಲು ಹೊಸೆದೆ. ಯಾವ ದೇವರ ಹೆಸರೂ ಇಲ್ಲ, ಯಾರ ಜಾತಿಯೂ ಇಲ್ಲ. ಬೆಳೆಯೂ ಉಂಟು, ದೊರೆಯೂ ಉಂಟು.

ಎಲ್ಲರ ಕಾಯುವ ದೇವನೆ, ಕೇಳು;
ಮಕ್ಕಳ ಬಾಯಿಯ ಮಾತನು ಕೇಳು;
ಬೆಳೆಯಲಿ ಕಾಳು, ಬೆಳಗಲಿ ಬಾಳು;
ನಮ್ಮಯ ದೊರೆಯೇ, ನೂರ್ಕಾಲ ಆಳು!

ಪಟೇಲರಿಗೆ ಕೊನೆಯ ಸಾಲು ಹಿಡಿಸಿತು. ಬೋರಣ್ಣ ಆ ಸಾಲಿಗೇ ಮುಖ ಸಿಂಡರಿಸಿ, ಬೆಳೆ ಬಾಳು ಇದೆಯಲ್ಲ, ಓಗ್ಲಿ ಬುಡಿ ಎಂದ. ಅನಂತಯ್ಯನವರು ತಮ್ಮ ಶ್ಲೋಕಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ ಎಂದರು. ಅಂತೂ ಎಲ್ಲರೂ ಒಪ್ಪಿದರು. ನಾನು ಗೆದ್ದೆ ಅಂದುಕೊಂಡೆ.

ಹಾಡನ್ನು ಮುಂದೆ ನಿಂತು ಹೇಳಿಕೊಡಲು ಒಂದು ಕಂಠ ಬೇಕಾಗಿತ್ತು. ಕಂಠ ಇದ್ದದ್ದು ಇಡೀ ಸ್ಕೂಲಿಗೆ ಒಬ್ಬಳಲ್ಲೇ, ಮಾದೇವಿಯಲ್ಲಿ. ಊರಾಚೆಯ ಕೇರಿಯ ಹುಡುಗಿ. ಆದಿಕರ್ನಾಟಕರು ಎಂದು ಸರ್ಕಾರದ ಕಾಗದದಲ್ಲಿ ಬರೆಯುತ್ತಿದ್ದೆವು, ಊರಿನವರು ಬೇರೆ ಹೆಸರಿನಲ್ಲಿ ಕರೆಯುತ್ತಿದ್ದರು. ಅವಳ ಅಪ್ಪ ಸಿದ್ದ, ಪಟೇಲರ ಮನೆಯಲ್ಲಿ ಆಳು. ಅಪ್ಪನ ಅಪ್ಪನೂ ಅದೇ ಮನೆಯಲ್ಲಿ ಆಳಾಗಿದ್ದವನು. ಆ ತಾತ ಸಂಜೆ ಕೇರಿಯಲ್ಲಿ ತಂಬೂರಿ ಹಿಡಿದು ಪದ ಹೇಳುತ್ತಿದ್ದ. ಅಲ್ಲಿಂದ ಈ ಮಗುವಿಗೆ ಕಂಠ ಬಂದಿತ್ತು. ಅವಳು ದನಿ ಎತ್ತಿದರೆ ರಸ್ತೆಯಲ್ಲಿ ಹೋಗುವ ಗಾಡಿಯವನು ಎತ್ತಿನ ಹಗ್ಗ ಬಿಗಿಹಿಡಿದು ನಿಲ್ಲುತ್ತಿದ್ದ. ಕಿವಿಯಾರೆ ಕೇಳಿದ್ದರಿಂದ ಹೇಳುತ್ತಿದ್ದೇನೆ.

ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸಬೇಕು ಎಂದು ಸರ್ಕಾರದ ಆರ್ಡರು ಎಂದೋ ಆಗಿತ್ತು. ಆರ್ಡರು ಮಳವಳ್ಳಿಯವರೆಗೆ ಬಸ್ಸಿನಲ್ಲಿ ಬಂದಿರಬೇಕು, ಬೆಳಕವಾಡಿಯಿಂದಾಚೆ ನಡೆಯಲು ಅದಕ್ಕೆ ಕಾಲಿರಲಿಲ್ಲ. ಮಾದೇವಿ ಕೂರುತ್ತಿದ್ದದ್ದು ಹೊಂಗೆ ಮರದ ಕೆಳಗೆ. ಮಳೆ ಬಂದರೆ ಸೂರಿನ ಅಂಚಿಗೆ ಸರಿಯುತ್ತಿದ್ದಳು. ಅಲ್ಲಿಗೆ ನನ್ನ ದನಿ ಕಿಟಕಿಯಿಂದ ಕೇಳುತ್ತಿತ್ತು, ಬೋರ್ಡು ಕಾಣುತ್ತಿರಲಿಲ್ಲ. ಪಾಠ ಮುಗಿದ ಮೇಲೆ ನಾನು ಹೊರಗೆ ಹೋಗಿ ಅವಳ ಸ್ಲೇಟಿನ ಮೇಲೆ ನಾಲ್ಕಕ್ಷರ ತಿದ್ದಿಸುತ್ತಿದ್ದೆ. ಅಷ್ಟರಲ್ಲೇ ಅವಳು ಒಳಗಿದ್ದ ಎಷ್ಟೋ ಮಕ್ಕಳಿಗಿಂತ ಮುಂದಿದ್ದಳು.

ಅವಳೇ ಹೇಳಿಕೊಡಲಿ ಎಂದು ನಾನು ಪಟೇಲರ ಮನೆಗೆ ಹೋಗಿ ಕೇಳಿದೆ.

“ಅವ್ಳು ಮುಂದ್ ನಿಂತು ಏಳ್ಕೊಡೋದು, ನಮ್ಮಕ್ಳು ಇಂದೆ ಏಳೋದು. ಚೆನ್ನಾಗದೆ ನೋಡಿ ನ್ಯಾಯ!” ಎಂದರು ದೊಡ್ಡೇಗೌಡರು.

“ಗೌಡರೇ, ಹಾಡಿಗೆ ಏನು ಮೈಲಿಗೆ? ಸ್ಕೂಲು ನೋಡಲು ಇನ್ಸ್‌ಪೆಕ್ಟರು ಬರುತ್ತಾರೆ. ಹಾಡು ಚೆನ್ನಾಗಿ ಬಂದರೆ ಹೆಸರು ನಿಮ್ಮ ಊರಿಗೇ ಅಲ್ಲವೇ?”

ಎಲೆಅಡಿಕೆ ಜಗಿಯುತ್ತ ಸುಮಾರು ಹೊತ್ತು ಯೋಚನೆ ಮಾಡಿದರು. ಕೆಟ್ಟ ಮನುಷ್ಯರಲ್ಲ, ಊರು ಏನನ್ನುತ್ತದೋ ಎಂಬ ಅಂಜಿಕೆ. “ಏಳ್ಕೊಡ್ಲಿ. ಆದ್ರೆ ಒಂಗೆ ಮರದಡೀಲೇ ನಿಂತ್ಕಂಡು ಏಳ್ಕೊಡ್ಲಿ” ಎಂದರು.

ನಾನು ಬಿಡಲಿಲ್ಲ. “ಇನ್ಸ್‌ಪೆಕ್ಟರು ಮೆಚ್ಚಿದರೆ?”

“ಮೆಚ್ಕಂಡ್ರೆ ಒಳೀಕೆ ಕೂರುಸ್ಕಳಿ ಅತ್ಲಾಗೆ. ನಾನ್ ಬಾಯ್ ಬುಡಾಕಿಲ್ಲ. ಊರೋರ್ಗೂ ನಾನೇ ಏಳ್ತೀನಿ.”

ಆ ಮಾತನ್ನು ಮಾದೇವಿಗೆ ಹೇಳಿದೆ. “ಒಳಗೆ ಅಂದ್ರೆ, ಬೋರ್ಡ್ ತಾವಾ ಮೇಷ್ಟ್ರೆ?” ಎಂದು ಕೇಳಿದಳು. ಹೂಂ, ಬೋರ್ಡಿನ ಹತ್ತಿರವೇ ಎಂದೆ. ಅಂದಿನಿಂದ ಅವಳು ಹಾಡಿದ್ದೇ ಹಾಡಿದ್ದು. ಕೇರಿಯಲ್ಲಿ ದನಕ್ಕೆ ಹುಲ್ಲು ಹಾಕುವಾಗಲೂ ಅದೇ ಹಾಡಂತೆ, ಅವಳ ಅಪ್ಪನೇ ಹೇಳಿದ.

ಇನ್ಸ್‌ಪೆಕ್ಟರು ಬರುವ ಹಿಂದಿನ ದಿನ ನಾನು ಒಂದು ಪಾಠವನ್ನು ಪೂರಾ ಹಕಾರಕ್ಕೇ ಇಟ್ಟೆ. ನನಗೆ ಆದ ಅವಮಾನ ಈ ಮಕ್ಕಳಿಗೆ ಆಗಬಾರದು ನೋಡಿ. ಬೋರ್ಡಿನ ಮೇಲೆ ಒಂದೊಂದೇ ಪದ ಬರೆದು ಕೂಗಿಸಿದೆ. “ಅಣ್ಣು ಅಲ್ಲ, ಹಣ್ಣು! ಅಸು ಅಲ್ಲ, ಹಸು! ಆಲು ಅಲ್ಲ, ಹಾಲು! ಆಳು ಅಲ್ಲ, ಹಾಳು!” ಹಾಳು ಎಂಬ ಪದ ಅಂದಿನ ಪಾಠದಲ್ಲಿತ್ತು, ಹಾಳು ಬಾವಿಗೆ ಇಣುಕಬಾರದು ಎಂಬ ಪಾಠ. ಮಕ್ಕಳೆಲ್ಲ ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ಉಸಿರು ತಗಲಿಸಿಕೊಂಡು ಕೂಗಿದರು. ಸೂರು ಹಾರಿಹೋಗುವಂತೆ ಕೂಗಿದರು. “ನಾಳೆ ಒಬ್ಬರೂ ಹ ನುಂಗಬಾರದು. ನಿಮಗೆ ಅನುಮಾನ ಬಂದ ಕಡೆಯೆಲ್ಲ ಹ ಹಾಕಿ” ಎಂದೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುತ್ತಾರಲ್ಲ, ಅದು ಅಲ್ಲೇ ಆಗಿಹೋಗಿತ್ತು. ನನಗೆ ಗೊತ್ತಾಗಿರಲಿಲ್ಲ.

ಮಾರನೆಯ ದಿನ ಪಟೇಲರ ಕಮಾನು ಗಾಡಿ ಬೆಳಕವಾಡಿಗೆ ಹೋಗಿ ಇನ್ಸ್‌ಪೆಕ್ಟರನ್ನು ಕರೆತಂದಿತು. ಗಾಡಿ ಹೊಡೆದವನು ಮಾದೇವಿಯ ಅಪ್ಪ ಸಿದ್ದನೇ. ಇನ್ಸ್‌ಪೆಕ್ಟರು ಕರಿ ಕೋಟು, ಜರಿ ಪೇಟದ ಮಧ್ಯವಯಸ್ಸಿನವರು. ದಾರಿಯ ಧೂಳಿಗೋ ಕೆಲಸದ ಭಾರಕ್ಕೋ ಬಹಳ ದಣಿದ ಹಾಗಿದ್ದರು. ಜಗಲಿಯ ಮೇಲೆ ಕುರ್ಚಿ ಹಾಕಿದೆವು. ಪಕ್ಕದಲ್ಲಿ ಪಟೇಲರು. ಬೇಲಿಯಾಚೆ ಬೋರಣ್ಣ, ಅವನ ಜೊತೆ ಒಂದಿಬ್ಬರು ಖಾದಿಯವರು. ಮಕ್ಕಳು ಜಗಲಿಯ ಮೇಲೆ ಸಾಲಾಗಿ, ಮಾದೇವಿ ಹೊಂಗೆ ಮರದಡಿ. ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಹೆಣೆದುಕೊಂಡು ಬಂದಿದ್ದಳು.

ಅವಳು ಮೊದಲ ಸಾಲು ಎತ್ತಿದಳು. ಇನ್ಸ್‌ಪೆಕ್ಟರು ತಲೆ ಎತ್ತಿ ನೋಡಿದರು. ಮಕ್ಕಳು ಹಿಂದೆ ಹೇಳಿದರು. ಎರಡನೆಯ ಸಾಲಿಗೆ ಅವರ ಬೆರಳು ಕುರ್ಚಿಯ ತೋಳಿನ ಮೇಲೆ ತಾಳ ಹಾಕತೊಡಗಿತು. ಮೂರನೆಯ ಸಾಲಿಗೆ ಅವರು ಪಟೇಲರ ಕಡೆ ಬಾಗಿ, “ಚೆನ್ನಾಗಿದೆ ರೀ ಕಂಠ” ಎಂದದ್ದು ನನಗೆ ಕೇಳಿಸಿತು. ನನ್ನ ಎದೆ ಉಬ್ಬಿತು. ಒಳಗೆ ಬೋರ್ಡಿನ ಮುಂದೆ ಯಾವ ಜಾಗದಲ್ಲಿ ಅವಳನ್ನು ಕೂರಿಸಬೇಕು ಎಂದು ಆಗಲೇ ಲೆಕ್ಕ ಹಾಕುತ್ತಿದ್ದೆ.

ಮಾದೇವಿ ಅಂಗೈಯನ್ನು ಬಾಯಿಯ ಮುಂದೆ ತಂದಳು. ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡು ಹಾಡಿದಳು:

“ನಮ್ಮಯ ದೊರೆಯೇ, ನೂರ್ಕಾಲ ಹಾಳು!”

ಮಕ್ಕಳೆಲ್ಲ ಅಂಗೈ ಎತ್ತಿ ಒಕ್ಕೊರಲಿನಿಂದ, “ನೂರ್ಕಾಲ ಹಾಳು!” ಎಂದರು. ಅಷ್ಟು ಸ್ವಚ್ಛವಾದ ಹಕಾರ ನಮ್ಮ ಸೀಮೆಯಲ್ಲಿ ಅದಕ್ಕೆ ಮೊದಲು ಯಾರೂ ಕೇಳಿರಲಾರರು.

“ಏನು? ಏನಂದರು?” ಇನ್ಸ್‌ಪೆಕ್ಟರ ಬೆರಳು ನಿಂತಿತು. “ಕೊನೆಯ ಸಾಲು ಇನ್ನೊಮ್ಮೆ ಹೇಳಿ.”

ಅವರು ಮೆಚ್ಚಿಕೊಂಡು ಕೇಳುತ್ತಿದ್ದಾರೆ ಎಂದು ಮಗು ತಿಳಿದುಕೊಂಡಿತು. ಮೊದಲಿಗಿಂತ ದೊಡ್ಡದಾಗಿ ಹಾಡಿತು. ಬೇಲಿಯಾಚೆಯಿಂದ ಬೋರಣ್ಣ, “ಸಬಾಸ್ ಕಣವ್ವ! ಇವತ್ತು ಸರ್ಯಾಗ್ ಏಳ್ದೆ!” ಎಂದು ಚಪ್ಪಾಳೆ ತಟ್ಟಿಬಿಟ್ಟ. ಸುಮ್ಮನಿದ್ದಿದ್ದರೆ ಏನೋ ಹೇಳಿ ತಪ್ಪಿಸಿಕೊಳ್ಳಬಹುದಾಗಿತ್ತು. ಆ ಚಪ್ಪಾಳೆ ನಮ್ಮನ್ನು ಮುಗಿಸಿತು.

ಹಜಾರದೊಳಗೆ ಬಾಗಿಲು ಓರೆ ಮಾಡಿಕೊಂಡು ವಿಚಾರಣೆ ಶುರುವಾಯಿತು. “ಪದ್ಯ ಬರೆದವರು ಯಾರು?” ಎಂದು ಇನ್ಸ್‌ಪೆಕ್ಟರು ಕೇಳಿದಾಗ ಅನಂತಯ್ಯನವರು ನನ್ನ ಕಡೆ ನೋಡಿದರು, ಅಷ್ಟೆ.

“ಯಾವೂರು ನಿಮ್ಮದು?”

“ಗುತ್ತಲು ಸಾರ್.”

“ಓಹೋ, ಮಂಡ್ಯ. ಅಲ್ಲಿ ಗಾಳಿ ಜೋರಾಗಿದೆ ಅಂತ ಕೇಳಿದ್ದೇನೆ.”

“ಸಾರ್, ಇದರಲ್ಲಿ ಗಾಳಿ ಏನೂ ಇಲ್ಲ. ಅಕಾರದಿಂದ ಆದ ತಪ್ಪು.” ಹೆದರಿಕೆಗೆ ನನ್ನ ಹಕಾರವೂ ಕೈಕೊಟ್ಟಿತು.

“ಅಕಾರವೋ, ಅಹಂಕಾರವೋ? ದೊರೆಗಳಿಗೆ ಮಕ್ಕಳ ಬಾಯಲ್ಲಿ ಶಾಪ ಹಾಕಿಸಿದ್ದೀರಲ್ಲ ರೀ! ನಾನು ಇದನ್ನು ಮೇಲಕ್ಕೆ ಬರೆದರೆ ನಿಮ್ಮ ಕೆಲಸದ ಗತಿ ಏನು?”

ನನ್ನ ಸಂಬಳ ನಂಬಿಕೊಂಡು ಗುತ್ತಲಿನಲ್ಲಿ ಒಂದು ಮನೆ ಇತ್ತು. ಆದರೆ ಆ ಹೊತ್ತಿಗೆ ಇನ್ನೊಂದು ಮಾತು ಬಿತ್ತು. ದೊಡ್ಡೇಗೌಡರು ಎದ್ದುನಿಂತರು. ಅವರೂ ಹೆದರಿದ್ದರು. ತಮ್ಮ ಊರಿನಲ್ಲಿ ಹೀಗಾಯಿತು ಎಂದು ಅಮಲ್ದಾರರಿಗೆ ಗೊತ್ತಾದರೆ ಪಟೇಲಿಕೆಗೇ ಸಂಚಕಾರ.

“ಸ್ವಾಮಿ, ನಾನ್ ಅವತ್ತೇ ಬಡ್ಕಂಡೆ. ಆ ಕೇರಿ ಮಕ್ಳನ್ನ ಮುಂದುಕ್ಕೆ ಬುಟ್ರೆ ಇಂಗೇ ಆಗೋದು ಅಂತ. ಮೇಷ್ಟ್ರು ಉಡುಗ್ರು, ತಿಳೀದೆ ಮಾಡವ್ರೆ. ಆ ಎಣ್ ಮಗೀನ್ ಎಸ್ರು ಒಡುದಾಕ್ಬುಡಿ, ಸರೋಯ್ತದೆ.”

ಎಲ್ಲರಿಗೂ ಅದು ಅನುಕೂಲದ ದಾರಿ. ಅನಂತಯ್ಯನವರೂ ತಲೆಯಾಡಿಸಿದಂತೆ ಕಂಡಿತು. ನಾನು, “ಬೇಡ ಸಾರ್. ಆ ಮಗುವನ್ನೇ ಒಂದು ಮಾತು ಕೇಳಿ. ಆಮೇಲೆ ನನ್ನನ್ನು ಏನು ಬೇಕಾದರೂ ಮಾಡಿ” ಎಂದೆ. ಧೈರ್ಯದಿಂದ ಹೇಳಿದ್ದಲ್ಲ, ಸಾಕುಸಾಕಾಗಿ ಹೇಳಿದ್ದು.

ಅವಳು ಒಳಗೆ ಬರುವಂತಿರಲಿಲ್ಲ. ಇನ್ಸ್‌ಪೆಕ್ಟರೇ ಬಾಗಿಲ ಹೊರಗೆ ಬಂದರು. ಮಾದೇವಿ ಮೆಟ್ಟಿಲಿನ ಕೆಳಗೆ ನಿಂತಳು. ಏನೋ ತಪ್ಪಾಗಿದೆ ಎಂದು ಅಷ್ಟರಲ್ಲಿ ಅವಳಿಗೂ ತಿಳಿದಿತ್ತು. ಆ ಕಡೆ ಅವಳ ಅಪ್ಪ ಎತ್ತುಗಳ ಹಗ್ಗ ಹಿಡಿದು ನಿಂತಿದ್ದ.

“ಕೊನೆಯ ಮಾತನ್ನು ಹಾಗೆ ಹೇಳು ಅಂತ ಯಾರಮ್ಮ ಹೇಳಿಕೊಟ್ಟದ್ದು? ಹೆದರಬೇಡ, ಹೇಳು.”

“ಯಾರೂ ಏಳ್ಕೊಡ್ನಿಲ್ಲ ಬುದ್ದಿ. ನಾನೇ ಆಕ್ಕಂಡೆ.”

“ಏನು ಹಾಕಿಕೊಂಡೆ?”

“ಹ.”

“ಯಾಕೆ?”

ಮಾದೇವಿ ಒಮ್ಮೆ ನನ್ನ ಮುಖ ನೋಡಿ ನೆಲ ನೋಡಿದಳು. “ಮೇಷ್ಟ್ರು ಬರ್ಕೊಟ್ಟಿದ್ದು ಆಳು ಅಂತ. ನಮ್ಮಪ್ಪ ಗೌಡ್ರ ಮನೇಲಿ ಆಳು. ಅಗಾ, ಎತ್ತು ಇಡ್ಕಂಡು ನಿಂತದಲ್ಲ, ಅದೇಯ. ನಮ್ ತಾತಾನೂವೆ ಆಳು. ದೊರೇನ ಓಗಿ ನೂರ್ಕಾಲ ಆಳು ಅನ್ಬೌದಾ ಬುದ್ದಿ? ತಪ್ಪಾಗಾಕಿಲ್ವಾ? ಬಾಯಿಗ್ ಬರ್ತಿತ್ತು, ಆದ್ರೂ ಅನ್ನಕ್ಕೆ ಎದ್ರಿಕೆ ಆಗದು. ನೆನ್ನೆ ಮೇಷ್ಟ್ರು ಒಳಗೆ ಕೂಗುಸ್ತಾ ಇದ್ರು, ಆಳು ಅಲ್ಲ ಹಾಳು ಅಂತ. ಕಿಟ್ಕೀಲಿ ಕೇಳುಸ್ತು. ಓ, ಇದೇ ಸರಿ ಅಂದ್ಕಂಡು ಆಕ್ಕಂಡೆ.”

“ಹಾಳು ಅಂದರೆ ಏನು ಅಂತ ಗೊತ್ತೇ?”

“ಇಲ್ಲ ಬುದ್ದಿ. ದೊಡ್ಡೋರ್ ಮಾತು ಅಂದ್ಕಂಡೆ.”

ಸಿದ್ದ ಎತ್ತಿನ ಕಡೆ ಮುಖ ತಿರುಗಿಸಿಕೊಂಡು ಅದರ ಗಂಗೆದೊಗಲನ್ನು ಸವರುತ್ತಿದ್ದ. ಬೇಲಿಯಾಚೆ ಬೋರಣ್ಣ ತನ್ನ ಖಾದಿ ಅಂಗಿಯ ಧೂಳು ಕೊಡವತೊಡಗಿದ. ಅವನ ಮನೆಯಲ್ಲೂ ಅದೇ ಕೇರಿಯ ಆಳುಗಳೇ ಇದ್ದದ್ದು.

ಇನ್ಸ್‌ಪೆಕ್ಟರು “ಆಳು ಅಂದರೆ ರಾಜ್ಯಭಾರ ಮಾಡು ಅಂತಲೂ ಅರ್ಥ ಇದೆ ಮಗು. ದೊರೆಗಳು ಆಳುತ್ತಾರೆ” ಎಂದರು.

ಮಾದೇವಿ ನಿಜವಾಗಿ ಆಶ್ಚರ್ಯಪಟ್ಟಳು. “ಅಂಗಾ ಬುದ್ದಿ? ದೊರೇಗೂ ನಮ್ಮಪ್ಪಂಗೂ ಒಂದೇ ಮಾತಾ?”

ಅವರು ಅವಳಿಗೆ ಹೋಗು ಎಂದು ಕೈಸನ್ನೆ ಮಾಡಿ ಒಳಕ್ಕೆ ತಿರುಗಿದರು.

ಒಳಗೆ ಬಂದು ಕೂತ ಮೇಲೆ ಇನ್ಸ್‌ಪೆಕ್ಟರ ಸಿಟ್ಟು ಇಳಿದಿತ್ತು. ಮೇಲಕ್ಕೆ ಬರೆಯುವುದಿಲ್ಲ, ಮಗುವಿನ ಹೆಸರನ್ನೂ ತೆಗೆಯಬೇಕಾಗಿಲ್ಲ, ಆ ಒಂದು ಸಾಲು ಬದಲಾಯಿಸಿ ಸಾಕು ಎಂದರು. ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ದೊರೆಯ ಸಾಲು ತೆಗೆಯಬಾರದು, ಬೇರೆ ಬರೆಸಿ ಎಂದರು ಪಟೇಲರು. ಬಾಗಿಲಿಗೆ ಬಂದು ನಿಂತಿದ್ದ ಬೋರಣ್ಣ, ತೆಗೆದ ಮೇಲೆ ತೆಗೆದದ್ದೇ, ಮತ್ತೆ ದೊರೆ ಯಾಕೆ ಎಂದ. ದೊರೆಯೇ ಇಲ್ಲದ ಮೇಲೆ ಹಳೆಯ ಶ್ಲೋಕವೇ ಆಗಬಹುದಲ್ಲ ಎಂದು ಅನಂತಯ್ಯನವರು ಮೆಲ್ಲಗೆ ಅಂದರು. ಹಾಗಾದರೆ ನಮ್ಮ ವಚನ ಎಂದು ಅಂಗಡಿ ಬೀದಿಯವರ ದನಿಯೂ ಎಲ್ಲಿಂದಲೋ ಬಂತು. ದನಿಗಳು ಏರಿದವು. ಇನ್ಸ್‌ಪೆಕ್ಟರು ಪೇಟ ತೆಗೆದು ಮೇಜಿನ ಮೇಲಿಟ್ಟು ತಲೆ ಒತ್ತಿಕೊಂಡರು.

“ಸಾಕು ಮಾಡ್ರಯ್ಯ! ನಾಳೆಯಿಂದ ಹಾಡೂ ಬೇಡ, ಶ್ಲೋಕವೂ ಬೇಡ. ಎರಡು ನಿಮಿಷ ಕಣ್ಣು ಮುಚ್ಚಿ ಸುಮ್ಮನೆ ನಿಂತುಕೊಳ್ಳಲಿ. ಯಾರು ಯಾರನ್ನು ಬೇಕಾದರೂ ನೆನೆಸಿಕೊಳ್ಳಲಿ.”

ಎಲ್ಲರಿಗೂ ಒಪ್ಪಿಗೆಯಾಯಿತು! ಬೇರೆಯವರ ಹಾಡು ನಿಂತಿತಲ್ಲ ಎಂಬ ಸಮಾಧಾನ ಪ್ರತಿಯೊಬ್ಬರ ಮುಖದಲ್ಲೂ ಇತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವುದು ಸುಮ್ಮನೆ ಅಲ್ಲ.

ಗಾಡಿ ಹತ್ತುವಾಗ ನಾನು ಇನ್ಸ್‌ಪೆಕ್ಟರ ಹಿಂದೆ ಹೋದೆ. “ಸಾರ್, ಆ ಹುಡುಗಿಯನ್ನು ಒಳಗೆ ಕೂರಿಸುವ ಮಾತಾಗಿತ್ತು. ತಾವು ಮೆಚ್ಚಿದರೆ ಅಂತ ಗೌಡರು ಒಪ್ಪಿದ್ದರು. ತಾವೇ ಒಂದು ಮಾತು ಹೇಳಿದರೆ...”

ಅವರು ನನ್ನನ್ನು ನೋಡಿದ ರೀತಿಯಲ್ಲಿ ಕೋಪ ಇರಲಿಲ್ಲ, ಬೇಸರ ಇತ್ತು. “ಒಂದು ಬೆಂಕಿ ಈಗ ತಾನೇ ಆರಿಸಿದ್ದೇನೆ ಲಿಂಗಯ್ಯನವರೇ. ಹಾಡೇ ಇಲ್ಲ ಅಂದಮೇಲೆ ಯಾರು ಎಲ್ಲಿ ನಿಂತರೇನು?”

ಸಿದ್ದ ಎತ್ತುಗಳನ್ನು ಹೊರಡಿಸಿದ. ಪಟೇಲರಿಗೆ ಆಮೇಲೆ ಮಾತು ನೆನಪಿಸಿದೆ. “ಮೆಚ್ಕಂಡ್ರೆ ಅಂತಲ್ವಾ ಮೇಷ್ಟ್ರೇ ನಾನ್ ಅಂದಿದ್ದು?” ಎಂದರು. ಮೂರನೆಯ ಸಾಲಿನವರೆಗೆ ಮೆಚ್ಚಿಕೊಂಡಿದ್ದರಲ್ಲ ಎಂದೆ. “ಮೂರು ಸಾಲ್ಗೆ ಮೂರು ಮೆಟ್ಲು ಅತ್ಸಿ ಬುಡಿ” ಎಂದು ನಕ್ಕು ಒಳಗೆ ಹೋದರು. ಮತ್ತೂ ಎರಡು ಸಲ ಹೋಗಿ ಕೇಳಿದೆ. ತಾಲ್ಲೂಕು ಕಚೇರಿಗೆ 'ಆರ್ಡರು ಹೀಗಿದೆಯಲ್ಲ' ಎಂದು ಬರೆದೂ ನೋಡಿದೆ. ಉತ್ತರ ಬರಲಿಲ್ಲ.

ಮಾರನೆಯ ದಿನದಿಂದ ಮೌನ ಶುರುವಾಯಿತು. ನನ್ನ ಲೆಕ್ಕದ ಪಾಠ ನನಗೆ ವಾಪಸು ಬಂತು. ಮಕ್ಕಳು ಒಂದು ಕಣ್ಣು ತೆರೆದು ಒಬ್ಬರನ್ನೊಬ್ಬರು ಚಿವುಟಿಕೊಂಡು ಎರಡು ನಿಮಿಷ ಕಳೆಯುತ್ತಿದ್ದರು. ಹೊಂಗೆ ಮರದ ಕೆಳಗೆ ಮಾದೇವಿ ಮಾತ್ರ ನಿಜವಾಗಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು. ಕೊನೆಯ ಸಾಲಿಗೆ ಬಂದಾಗ ನಿಲ್ಲುತ್ತಿತ್ತು. ಎರಡರಲ್ಲಿ ಯಾವ ಮಾತು ಹೇಳಬೇಕೋ ಅವಳಿಗೆ ತಿಳಿಯುತ್ತಿರಲಿಲ್ಲವೇನೋ. ನಾನೂ ಕೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಅವಳು ಎರಡು ದಿನ ಬರಲಿಲ್ಲ. ಮೂರನೆಯ ದಿನ ಸ್ಕೂಲು ಬಿಟ್ಟು ನಾನು ಜಗಲಿಯಲ್ಲಿ ಕೂತಿದ್ದಾಗ ಬಂದು ಅಂಗಳದಲ್ಲಿ ನಿಂತಳು. ಕೈಯಲ್ಲಿ ಸ್ಲೇಟು ಇತ್ತು. ಅದು ನಾನು ಕೊಟ್ಟಿದ್ದ ಸ್ಲೇಟು. ಬಾಗಿ ಮೆಟ್ಟಿಲ ಮೇಲೆ ಇಟ್ಟಳು.

“ಯಾಕೆ ಮಗಾ, ಬರಲಿಲ್ಲ?”

“ಗೌಡ್ರು ಅಪ್ಪನ್ ಜೊತೆಗೆ ನನ್ನೂ ಕಳ್ಸು ಅಂದವ್ರೆ ಮೇಷ್ಟ್ರೆ. ದನ ನೋಡಕ್ಕೆ, ಕೊಟ್ಗೆ ಬಾಚಕ್ಕೆ.”

“ನಾನು ಗೌಡರ ಹತ್ತಿರ ಮಾತಾಡುತ್ತೇನೆ. ನೀನು ಸ್ಕೂಲು ಬಿಡಬೇಡ.”

“ಬ್ಯಾಡಿ ಮೇಷ್ಟ್ರೆ. ನಿಮ್ಗೂ ಸುಮ್ಕೆ ತೊಂದ್ರೆ. ಇಲ್ಲೂ ಈಗ ಆಡೋದ್ ಇಲ್ವಲ್ಲ.” ಸ್ಲೇಟಿನ ಕಡೆ ಒಮ್ಮೆ ನೋಡಿ, “ನಾಳಿಂದ ಆಳಾಗೋಯ್ತೀನಿ ಮೇಷ್ಟ್ರೆ” ಎಂದು ಹೇಳಿ ಹೊರಟಳು.

ಯಾವ ಮಗು ಹಕಾರ ನುಂಗಿದರೂ ಅಲ್ಲೇ ನಿಲ್ಲಿಸಿ ತಿದ್ದುವುದು ನನ್ನ ಅಭ್ಯಾಸ. ಅಂದೂ ಅಂಗೈ ತಾನಾಗಿಯೇ ಬಾಯಿಯ ಮುಂದೆ ಬಂತು. ಅಲ್ಲೇ ನಿಂತುಬಿಟ್ಟಿತು. ಅವಳು ಹೊಂಗೆ ಮರ ದಾಟಿ, ಬೇಲಿ ದಾಟಿ, ಕೇರಿಯ ದಾರಿ ಹಿಡಿಯುವವರೆಗೂ ನೋಡುತ್ತ ಕೂತಿದ್ದೆ. ಮರುವರ್ಷ ನನಗೆ ಮದ್ದೂರಿನ ಕಡೆ ವರ್ಗವಾಯಿತು. ಮಾದೇವಿಯನ್ನು ಮತ್ತೆ ನೋಡಲಿಲ್ಲ.

ಆಮೇಲೆ ಎಷ್ಟೋ ಸ್ಕೂಲು ಕಂಡೆ. ದೊರೆಗಳು ಹೋದರು, ಬಾವುಟ ಬಂತು, ಪ್ರಾರ್ಥನೆಯ ಹಾಡುಗಳೂ ಬದಲಾದವು. ಪ್ರತಿ ಬಾರಿಯೂ ಯಾರದು ಮೊದಲು, ಯಾರದು ಬೇಡ ಎಂಬ ಜಗಳ ಇದ್ದೇ ಇತ್ತು. ನಾನು ಯಾವುದಕ್ಕೂ ಎದುರಾಡದೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ಮಕ್ಕಳ ಹಕಾರ ತಿದ್ದುವುದನ್ನು ಮಾತ್ರ ಬಿಟ್ಟುಬಿಟ್ಟೆ. ಮಾದೇವಿ ಅಂದು ಹೇಳಿಹೋದ ಆ ಒಂದು ಮಾತಿಗೆ ಹಕಾರ ಬೇಕಾಗಿತ್ತೋ ಬೇಡವಾಗಿತ್ತೋ, ಜೀವಮಾನವೆಲ್ಲ ಕನ್ನಡ ಪಾಠ ಹೇಳಿದ ನನಗೆ ಇವತ್ತಿಗೂ ಗೊತ್ತಿಲ್ಲ.